ತಲೆಯಾಡಿಸುವವನು

"ಮೂರನೆಯವನು ಯಾರು?"

ಕರಡು ಓದುವ ಕೋಣೆಯಲ್ಲಿ ಉತ್ತರ ಕೊಡಲು ಯಾರೂ ಇರಲಿಲ್ಲ. ಗುರುತಪ್ಪ ಕೇಳಿದ್ದೂ ಯಾರನ್ನೂ ಅಲ್ಲ. ಮೇಜಿನ ಮೇಲೆ ಮೂರು ರಟ್ಟಿನ ಕಾರ್ಡುಗಳನ್ನು ಸಾಲಾಗಿ ಇಟ್ಟುಕೊಂಡಿದ್ದ. ಎರಡರ ಮೇಲೆ ಇರುವೆ ಹರಿದಂತೆ ಸಣ್ಣ ಅಕ್ಷರ ತುಂಬಿತ್ತು, ಮೂರನೆಯದು ಬೋಳಾಗಿತ್ತು. ಗೋಡೆಯ ಆಚೆ ಯಂತ್ರ ಒಂದೇ ತಾಳದಲ್ಲಿ ಕಾಗದ ನುಂಗಿ ಉಗುಳುತ್ತಿತ್ತು. ಎದುರಿನ ಕುರ್ಚಿಯ ಮೇಲೆ ಹಳೆಯ ಕರಡಿನ ಕಟ್ಟುಗಳನ್ನು ಪೇರಿಸಲಾಗಿತ್ತು. ಅದರಲ್ಲಿ ಯಾರಾದರೂ ಕೂತು ಎರಡು ವರ್ಷವಾಗಿತ್ತು.

ಗುರುತಪ್ಪ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಪ್ರೆಸ್ಸಿನವರು ಅಂಟಿಸಿದ್ದು. ಅಲ್ಲಿ ಕರಡು ನೋಡುವುದು ಇಬ್ಬರ ಕೆಲಸವಾಗಿತ್ತು. ಒಬ್ಬರು ಮೂಲಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಕರಡಿನ ಮೇಲೆ ಕಣ್ಣು ಓಡಿಸುತ್ತ, ಕೇಳಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದ ಕಡೆ ಕೆಂಪು ಗುರುತು ಹಾಕಬೇಕು. ಓದುವವರು ಮಾತುಗಳನ್ನಷ್ಟೇ ಓದಿದರೆ ಸಾಲದು. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಗುರುತು ಹಾಕುವವನು ಗುರುತಪ್ಪ, ಓದುವಾಕೆ ಓದಮ್ಮ. ಇಪ್ಪತ್ತಾರು ವರ್ಷ ಇಬ್ಬರೂ ಎದುರುಬದುರು ಕೂತು ಶಾಲೆಯ ಪುಸ್ತಕ, ಔಷಧದ ಚೀಟಿ, ಕಾಯಿದೆ ಕಟ್ಟಳೆ, ಮದುವೆಯ ಆಮಂತ್ರಣ ಎಲ್ಲವನ್ನೂ ಒಂದೇ ರಾಗದಲ್ಲಿ ಮುಗಿಸಿದ್ದರು. ಓದಮ್ಮ ಮನೆಯಲ್ಲಿ ಗಂಡನನ್ನು ಬೈಯುವಾಗಲೂ ಕೊನೆಗೆ ಪೂರ್ಣವಿರಾಮ ಅನ್ನುತ್ತಾಳಂತೆ ಎಂದು ಬೈಂಡಿಂಗಿನವರು ನಗಾಡುತ್ತಿದ್ದರು. "ಅನ್ನಲ್ಲ. ಅಲ್ಪವಿರಾಮಕ್ಕೇ ಅವರು ಎದ್ದು ಹೋಗಿರ್ತಾರೆ" ಎಂದು ಆಕೆ ನಗದೆ ಉತ್ತರ ಕೊಡುತ್ತಿದ್ದಳು.

ಈಗ ಗುರುತಪ್ಪ ಒಬ್ಬನೇ. ಎಡಗೈ ಬೆರಳು ಮೂಲಪ್ರತಿಯ ಮೇಲೆ, ಬಲಗೈ ಪೆನ್ನು ಕರಡಿನ ಮೇಲೆ. ಊಟದ ಬಿಡುವಿನಲ್ಲಿ ಮಾತ್ರ ಅವೆರಡನ್ನೂ ಬದಿಗೆ ಸರಿಸಿ ತನ್ನ ಕಾರ್ಡುಗಳನ್ನು ಹೊರತೆಗೆಯುತ್ತಿದ್ದ.

ಹೋದ ವರ್ಷ ಅವನ ಪುಸ್ತಕವೊಂದು ಹೊರಬಂದಿತ್ತು. ಇಷ್ಟು ಕಾಲ ಬೇರೆಯವರ ತಪ್ಪು ಹೆಕ್ಕಿದವನು ಐವತ್ತೈದು ದಾಟಿದ ಮೇಲೆ ಸ್ವಂತದ್ದೊಂದು ಕಟ್ಟಿದ್ದ. ಅದೊಂದು ಮಾಯಾರಾಜ್ಯದ ಕಥೆ. ಅಲ್ಲಿ ಕಲ್ಲು ಮಾತಾಡುತ್ತದೆ, ನದಿ ಮಾತಾಡುತ್ತದೆ, ಸತ್ತವರೂ ಮಾತಾಡುತ್ತಾರೆ. ಕೇಳುವವರು ಮಾತ್ರ ಇಲ್ಲ. ಒಬ್ಬ ಹುಡುಗಿ ಕೇಳುತ್ತಾಳೆ, ಕೇಳಿಯೇ ರಾಜ್ಯವನ್ನು ಉಳಿಸುತ್ತಾಳೆ. ಪುಸ್ತಕವನ್ನು ಜನ ಓದಿದರು, ಎರಡನೆಯ ಭಾಗ ಯಾವಾಗ ಎಂದು ಕೇಳಿದರು. ಪ್ರಕಾಶಕಿ ಅವನ ಮಗಳ ವಯಸ್ಸಿನವಳು, ಮಾತಿನಲ್ಲಿ ಚೂಪು. ಎರಡನೆಯ ಭಾಗಕ್ಕೆ ಸರಿಯಾದ ಎದುರಾಳಿಗಳು ಬೇಕೆಂದು ಪಟ್ಟು ಹಿಡಿದಿದ್ದಳು.

"ಬೇಜಾರು ಮಾಡ್ಕೋಬೇಡಿ ಸಾರ್. ಮೊದಲನೇ ಪುಸ್ತಕದ ರಾಕ್ಷಸನ ಹತ್ರ ಆ ಕಬ್ಬಿಣದ ಹಲ್ಲು ಒಂದಿಲ್ಲದಿದ್ರೆ ಇನ್ನೇನಿದೆ ಹೇಳಿ? ಅವನು ಯಾಕೆ ಕೆಟ್ಟವನು ಅಂತ ಅವನಿಗೇ ಗೊತ್ತಿಲ್ಲ. ನಿಮ್ಮ ಹುಡುಗಿಯ ಗುಣ ಏನು, ಕೇಳೋದು. ಆ ಗುಣಾನೇ ಹುಳಿ ಬಂದು ಕೆಟ್ಟರೆ ಹೇಗಿರುತ್ತೆ? ಅಂಥ ಮೂರು ಜನ ನನಗೆ ಬೇಕು."

ಕಬ್ಬಿಣದ ಹಲ್ಲು ಎಂದ ಕೂಡಲೇ ಗುರುತಪ್ಪ ತಲೆ ತಗ್ಗಿಸಿ ಲೋಟದಲ್ಲಿ ಉಳಿದ ಚಹಾ ನೋಡಿದ್ದ. ಟೀಕೆ ಕೇಳಿ ಸಂಕೋಚವಾಯಿತೆಂದು ಪ್ರಕಾಶಕಿ ತಿಳಿದಳು.

ಎದುರಾಳಿಯನ್ನು ಹಗುರವಾಗಿ ಕಾಣಬಾರದು ಎಂಬುದು ಅವನಿಗೆ ಯಾರೂ ಹೊಸದಾಗಿ ಹೇಳಬೇಕಾದ ಸಂಗತಿಯಾಗಿರಲಿಲ್ಲ. ಅವನನ್ನು ಬೆಳೆಸಿದ ಸೋದರತ್ತೆಗೆ ಸಾವಿರಾರು ಪದ್ಯ ಬಾಯಿಗೆ ಬರುತ್ತಿತ್ತು. ಸಂಜೆ ಕೈಕಾಲು ತೊಳೆದು ಕೂತು ಆಕೆ ಹೇಳುತ್ತಿದ್ದರೆ ಹುಡುಗ ಗೋಡೆಗೊರಗಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ನಾಯಕನ ಮಾತನ್ನು ಕೂತೇ ಹೇಳುತ್ತಿದ್ದ ಅತ್ತೆ ಶತ್ರುವಿನ ಮಾತು ಬಂದಾಗ ಎದ್ದು ನಿಲ್ಲುತ್ತಿದ್ದಳು. ಯಾಕೆಂದು ಕೇಳಿದರೆ, ಸೋಲಲಿಕ್ಕೇ ಹುಟ್ಟಿದವನು ಕಣೋ, ನಾವಾದರೂ ಮರ್ಯಾದೆ ಕೊಡಬೇಡವೆ ಎನ್ನುತ್ತಿದ್ದಳು. ನಡುವೆ ಥಟ್ಟನೆ ನಿಲ್ಲಿಸಿ, ಈಗ ಹೇಳಿದ್ದೇನು ಎಂದು ಪರೀಕ್ಷೆ ಮಾಡುವುದೂ ಇತ್ತು. ಹುಡುಗ ಒಂದು ಅಕ್ಷರವೂ ತಪ್ಪದೆ ಒಪ್ಪಿಸುತ್ತಿದ್ದ. ಕೇಳುವುದೇ ಪೂಜೆ ಎಂದು ಅವನಿಗೆ ಅಭ್ಯಾಸವಾಗಿ ಹೋಯಿತು. ಕಿವಿಗೆ ಬಿದ್ದದ್ದು ಅಲ್ಲೇ ಉಳಿಯುತ್ತಿತ್ತು, ಬೇಕೆಂದರೂ ಬೇಡವೆಂದರೂ.

ಎದುರಾಳಿಗಳಲ್ಲಿ ಇಬ್ಬರು ಬೇಗ ಬಂದರು. ಮೊದಲನೆಯವನು ಬೊಬ್ಬೆಯ ದೊರೆ. ಅವನ ರಾಜ್ಯದಲ್ಲಿ ಹಗಲಿಡೀ ನಗಾರಿ ಬಾರಿಸುತ್ತಾರೆ, ಯಾರ ದುಃಖವೂ ಯಾರಿಗೂ ಕೇಳಿಸಬಾರದೆಂದು. ಎರಡನೆಯವಳು ಜೋಳಿಗೆಯವಳು. ಅವಳಷ್ಟು ಚೆನ್ನಾಗಿ ಕೇಳುವವರಿಲ್ಲ; ಜನ ಅವಳ ಮುಂದೆ ಮನಸ್ಸು ಬಿಚ್ಚಿ ಅಳುತ್ತಾರೆ, ಅವಳು ಆ ಗುಟ್ಟುಗಳನ್ನು ಜೋಳಿಗೆಗೆ ತುಂಬಿಕೊಂಡು ಪಕ್ಕದ ಊರಲ್ಲಿ ಹಂಚುತ್ತಾಳೆ. ಇವಳ ಬಗ್ಗೆ ಕೇಳಿದಾಗ ಗುರುತಪ್ಪನ ಹೆಂಡತಿ ನಕ್ಕು, "ರೀ, ಇವಳಿಗೆ ಮಾಯೆ ಯಾಕೆ ಬೇಕು? ನಮ್ಮ ಬೀದಿಯಲ್ಲೇ ಮೂರು ಜನ ಇದ್ದಾರೆ" ಎಂದಿದ್ದಳು.

ಮೂರನೆಯವನು ಹೇಗಿರಬೇಕು ಎಂಬುದು ಅವನಿಗೆ ತಿಳಿಯದೆ ಇರಲಿಲ್ಲ. ಕೇಳಗೊಡದವನು ಒಬ್ಬ, ಕೇಳಿ ಮಾರಿಕೊಳ್ಳುವವಳು ಒಬ್ಬಳು. ಇನ್ನುಳಿದದ್ದು ಒಂದೇ. ಎದುರಿಗೆ ಕೂತು ತಲೆಯಾಡಿಸುತ್ತಾನೆ, ಹೇಳುವವರು ಅವನನ್ನು ನಂಬುತ್ತಾರೆ, ಅವನ ಮನಸ್ಸು ಮಾತ್ರ ಇನ್ನೆಲ್ಲೋ ಇರುತ್ತದೆ. ಗುರುತಪ್ಪ ಕಾರ್ಡಿನ ನೆತ್ತಿಯ ಮೇಲೆ 'ತಲೆಯಾಡಿಸುವವನು' ಎಂದು ಬರೆದ. ಬರೆದದ್ದು ಕಂಡು ಮೈ ಬಿಸಿಯಾಯಿತು. ಬಾಗಿಲ ಕಡೆ ನೋಡಿ ಕಾರ್ಡನ್ನು ಬೋರಲು ಹಾಕಿದ.

ಎರಡು ವರ್ಷದ ಹಿಂದಿನ ಮಾತು. ನದಿ ದಾಟುವಾಗ ದೋಣಿ ಮುಳುಗಿ ಮೂವತ್ತೊಂದು ಜನ ಸತ್ತು ಐದು ವರ್ಷ ತುಂಬಿತ್ತು. ಸತ್ತವರ ಮನೆಯವರೆಲ್ಲ ಸೇರಿ ಒಂದು ನೆನಪಿನ ಪುಸ್ತಿಕೆ ಅಚ್ಚು ಹಾಕಿಸಿದರು. ಹೆಸರು, ತಾಯಿಯ ಹೆಸರು, ವಯಸ್ಸು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಅಕ್ಷರ ಜೋಡಿಸುವವರು ಹದಿನೇಳನೆಯ ಸಾಲನ್ನು ಬಿಟ್ಟಿದ್ದರು. ಅಂಥದ್ದನ್ನು ಹಿಡಿಯಲೆಂದೇ ಕರಡು ನೋಡುವುದು. ಓದಮ್ಮ ಓದಿದಳು, ಗುರುತಪ್ಪ ತಲೆಯಾಡಿಸಿದ, ಗುರುತು ಹಾಕಲಿಲ್ಲ.

ಪುಸ್ತಿಕೆ ಹಂಚಿದ ಮಾರನೆಯ ದಿನ ಒಬ್ಬ ತಾಯಿ ಪ್ರೆಸ್ಸಿಗೆ ಬಂದಳು. ಗಲಾಟೆ ಮಾಡಲಿಲ್ಲ. ಮೇಜಿನ ಮೇಲೆ ಪುಸ್ತಿಕೆ ಬಿಚ್ಚಿಟ್ಟು, ನಮ್ಮ ಹುಡುಗಿ ಯಾವ ಪುಟದಲ್ಲಿದ್ದಾಳೆ, ನನಗೆ ಸಿಗುತ್ತಿಲ್ಲ, ಸ್ವಲ್ಪ ಹುಡುಕಿ ಕೊಡಿ ಎಂದಳು. ಮಗಳ ಹೆಸರು ಹೇಳಿದಳು. ಆ ಹೆಸರು ಬಿದ್ದದ್ದೇ ತಡ, ಗುರುತಪ್ಪನ ಕಿವಿಯಲ್ಲಿ ಓದಮ್ಮನ ದನಿ ಎದ್ದು ಬಂತು: ಹೆಸರು, ಅಲ್ಪವಿರಾಮ, ತಾಯಿಯ ಹೆಸರು, ಅಲ್ಪವಿರಾಮ, ಹತ್ತೊಂಬತ್ತು, ಪೂರ್ಣವಿರಾಮ. ಆಕೆ ಓದಿದ್ದಳು. ಅವನ ಕಿವಿ ಕೇಳಿತ್ತು. ಅವನು ಮಾತ್ರ ಅಲ್ಲಿರಲಿಲ್ಲ. ಕರಡಿನ ಅಂಚಿನಲ್ಲಿ, ಸರಿಯಾಗಿ ಹದಿನೇಳನೆಯ ಸಾಲು ಇರಬೇಕಾದ ಜಾಗದ ಎದುರಿಗೆ, ಪೆನ್ಸಿಲಿನಲ್ಲಿ ತನ್ನ ಪುಸ್ತಕದ ರಾಕ್ಷಸನಿಗಾಗಿ ಬರೆದುಕೊಳ್ಳುತ್ತಿದ್ದ: 'ಹಲ್ಲು ಕಬ್ಬಿಣದ್ದಿರಲಿ. ಮಾತುಗಳನ್ನು ಅಗಿಯುತ್ತಾನೆ.'

ಯಜಮಾನರು ಇಬ್ಬರನ್ನೂ ಒಳಗೆ ಕರೆದು ಹೇಗಾಯಿತೆಂದು ಕೇಳಿದರು. ಓದಮ್ಮ ಬಾಯಿ ತೆರೆಯುವ ಮುಂಚೆ ಗುರುತಪ್ಪನೇ ಹೇಳಿದ.

"ಓದಿದ್ದಿದ್ರೆ ಗುರುತು ಹಾಕ್ತಿದ್ದೆ."

ಆ ಕಸುಬಿನ ದೋಷವೇ ಅದು. ಗುರುತು ಕಾಗದದ ಮೇಲೆ ಉಳಿಯುತ್ತದೆ, ಓದಿದ ದನಿ ಉಳಿಯುವುದಿಲ್ಲ. ಆಕೆ ಓದಿದ್ದಕ್ಕೆ ಸಾಕ್ಷಿ ಎಂದರೆ ಜಗತ್ತಿನಲ್ಲಿ ಅವನ ಎರಡು ಕಿವಿ ಮಾತ್ರ. ಓದಮ್ಮ ವಾದ ಮಾಡುತ್ತಾಳೆ, ಕೂಗಾಡುತ್ತಾಳೆ ಎಂದು ಅವನು ಎದೆ ಗಟ್ಟಿ ಮಾಡಿಕೊಂಡು ನಿಂತಿದ್ದ. ಆಕೆ ಹಾಗೇನೂ ಮಾಡಲಿಲ್ಲ. ಅವನನ್ನೇ ನೋಡಿ, "ನಾನು ಓದಲಿಲ್ವಾ? ನಿಮ್ಮ ಕಿವಿಗೆ ಬಿದ್ದಿಲ್ಲ ಅಂದ್ರೆ ನಾನು ಓದಿಲ್ಲ ಅಂತಲೇ ಆಯ್ತು" ಎಂದಳು. ಅವನು ತಲೆಯಾಡಿಸಿದ. ಯಜಮಾನರು ಬೈಯಲಿಲ್ಲ, ಬಿಟ್ಟ ಹೆಸರನ್ನು ಬೇರೆ ಚೀಟಿಯಲ್ಲಿ ಅಚ್ಚು ಹಾಕಿ ಅಂಟಿಸೋಣ ಎಂದರು. ಅಂಟಿಸಿದ್ದೂ ಆಯಿತು. ಆ ವಾರವೇ ಓದಮ್ಮ ತನ್ನ ಸಾಲು ಹಿಡಿಯುವ ಮರದ ಪಟ್ಟಿಯನ್ನು ಮೇಜಿನ ಮೇಲಿಟ್ಟು, ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಯಿತು ಎಂದು ಹೇಳಿ ಹೊರಟುಹೋದಳು. ಯಾರೂ ಕಳಿಸಲಿಲ್ಲ. ಗುರುತಪ್ಪ ಮಾತ್ರ ಆ ಕರಡಿನ ಹಾಳೆಯನ್ನು ಕಡತದಿಂದ ಬಿಡಿಸಿ ಮನೆಗೆ ಒಯ್ದು ಹಾಸಿಗೆಯ ಅಡಿಯ ಪೆಟ್ಟಿಗೆಯಲ್ಲಿ ಇಟ್ಟ. ಸುಡಲಿಕ್ಕೆ ಕೈ ಬರಲಿಲ್ಲ. ದಿನಾ ಬೆಳಿಗ್ಗೆ ದೇವರ ಮುಂದೆ ನಿಂತು ಅತ್ತೆ ಕಲಿಸಿದ ಪದ್ಯ ಹೇಳುವಾಗ ಮೊದಲು ಕಣ್ಣು ಮುಚ್ಚುತ್ತಿದ್ದವನು ಈಗ ಮುಚ್ಚುತ್ತಿರಲಿಲ್ಲ. ಮುಚ್ಚಿದರೆ ಕಿವಿ ತೆರೆದುಕೊಳ್ಳುತ್ತಿತ್ತು.

ಗಂಟೆ ಹೊಡೆದು ಊಟದ ಬಿಡುವು ಮುಗಿಯುವ ಹೊತ್ತಿಗೆ ಗುರುತಪ್ಪ ಕಾರ್ಡನ್ನು ಮತ್ತೆ ತಿರುಗಿಸಿದ್ದ. ಕಾರ್ಡು ಸಾಲಲಿಲ್ಲ. ಕರಡಿನ ಹಿಂಬದಿಯ ಬಿಳಿ ಹಾಳೆಗಳನ್ನು ಎಳೆದುಕೊಂಡು ಬರೆದ. ಮೂರು ದಿನ ಮೂರು ಬಿಡುವಿನಲ್ಲಿ ಮೂರು ಹಾಳೆ. ಒಂದು ಕಡೆಯೂ ಹೊಡೆದುಹಾಕಲಿಲ್ಲ. ಅಷ್ಟು ಸರಾಗವಾಗಿ ಅವನು ಹಿಂದೆಂದೂ ಬರೆದಿರಲಿಲ್ಲ. ಅದೂ ಒಂದು ನಾಚಿಕೆಯಾಗಿ ಚುಚ್ಚಿತು.

ಪ್ರಕಾಶಕಿ ಹಾಳೆಗಳನ್ನು ನಿಂತೇ ಓದಿದಳು. ಓದಿ ಕುರ್ಚಿ ಎಳೆದು ಕೂತಳು.

"ಇವನು ಉಸಿರಾಡ್ತಾ ಇದಾನೆ ಸಾರ್. ದೊರೆ, ಜೋಳಿಗೆಯವಳು ಇಬ್ಬರೂ ಇವನ ಮುಂದೆ ಗೊಂಬೆಗಳು. ಯಾರನ್ನ ನೋಡಿ ಬರೆದ್ರಿ?"

ಹೀಗೇ, ಅಲ್ಲಿ ಇಲ್ಲಿ ಕಂಡವರು ಎಂದು ಗುರುತಪ್ಪ ಗೊಣಗಿದ. ಆಕೆ ಮೂರನೆಯ ಹಾಳೆಯ ಕೊನೆಗೆ ಬೆರಳಿಟ್ಟು, ಇದೊಂದು ಮಾತ್ರ ಒಪ್ಪುವುದಿಲ್ಲ ಎಂದಳು. ಇಷ್ಟೆಲ್ಲ ನಡೆದ ಮೇಲೆ ಅವನು ತಪ್ಪೊಪ್ಪಿಕೊಳ್ಳುತ್ತಾನೆ, ಹೆಸರು ಓದಿದ ಹೆಂಗಸು ಅವನನ್ನು ಕ್ಷಮಿಸಿದಳು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಬರೆಯುವವರಿಗೆ ಅವಸರ, ಸರಿ, ಆದರೆ ಅವಳಿಗೇನು ಅವಸರ?

"ಅವಳನ್ನ ಒಂದ್ಸಲ ಕೇಳಿ ನೋಡಿ ಸಾರ್. ನಾನು ಪಾತ್ರಗಳ ಜತೆ ಕೂತು ಮಾತಾಡಿ ಅಂತ ಎಲ್ಲರಿಗೂ ಹೇಳ್ತೀನಿ. ಅವಳು ಏನಂತಾಳೆ ಅಂತ ಬರ್ಕೊಂಡು ಬನ್ನಿ."

ಪ್ರಕಾಶಕಿ ತನ್ನ ಪಾಡಿಗೆ ಕಸುಬಿನ ಮಾತು ಆಡಿದ್ದಳು. ಗುರುತಪ್ಪ ಹಾಳೆಗಳನ್ನು ಚೀಲಕ್ಕೆ ಸೇರಿಸಿ ಮೆಟ್ಟಿಲಿಳಿದ. ಎರಡು ವರ್ಷದಲ್ಲಿ ಹೋಗದ ದಾರಿಯನ್ನು ಮಾರನೆಯ ಮಧ್ಯಾಹ್ನ ಹಿಡಿದ.

ಓದಮ್ಮ ಈಗ ಒಂದು ದೊಡ್ಡ ಲಾಂಡ್ರಿಯಲ್ಲಿ ಬಟ್ಟೆಗಳಿಗೆ ನಂಬರಿನ ಚೀಟಿ ಹೊಲಿಯುತ್ತಿದ್ದಳು. ಹೋಟೆಲುಗಳ ಹಾಸು ಹೊದಿಕೆ, ಆಸ್ಪತ್ರೆಯವರ ಬಿಳಿ ಅಂಗಿ, ಯಾರದೋ ಕೋಟು. ಒಗೆಯಲು ಹೋಗುವ ಮುಂಚೆ ಪ್ರತಿಯೊಂದರ ಅಂಚಿಗೂ ನಂಬರು ಬೀಳಬೇಕು. ಒಳಗೆ ಕಾಲಿಟ್ಟರೆ ಹಬೆ ಮುಖಕ್ಕೆ ಹೊಡೆಯುತ್ತಿತ್ತು, ಸೋಪಿನ ವಾಸನೆ ಗಂಟಲಿಗೆ ಇಳಿಯುತ್ತಿತ್ತು. ಆಕೆ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು, ಒಂದು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು, ಆಮೇಲೆ ಅದನ್ನು ಇಸ್ತ್ರಿಯವನ ಕಡೆ ಚಾಚಿದಳು. ಅವನು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, ನಾನೂರ ಎಂಟು ಅಮ್ಮಾ, ನಾನೂರ ಎಂಟೇ, ದೇವರಾಣೆಗೂ ನಾನೂರ ಎಂಟು ಎಂದ.

ಗುರುತಪ್ಪನನ್ನು ಕಂಡು ಆಕೆಯ ಮುಖ ಅರಳಿತು. ಬನ್ನಿ ಬನ್ನಿ ಎಂದು ಬಟ್ಟೆಯ ರಾಶಿ ಸರಿಸಿ ಜಾಗ ಮಾಡಿದಳು. ಇಸ್ತ್ರಿಯವನಿಗೆ ಪರಿಚಯ ಹೇಳಿದಳು: ಇವರು ಪುಸ್ತಕ ಬರೆದವರು, ನನ್ನ ಜತೆ ಇಪ್ಪತ್ತಾರು ವರ್ಷ ಕೂತವರು, ಇವರ ಕಿವಿಗೆ ಸೂಜಿ ಬಿದ್ದರೆ ಎಷ್ಟನೇ ನಂಬರಿನ ಸೂಜಿ ಎಂದು ಹೇಳುತ್ತಾರೆ. ಇಸ್ತ್ರಿಯವನು, ಹಾಗಾದರೆ ಇವರನ್ನೇ ಇಲ್ಲಿಗೆ ಕರೆಸಿಕೊಳ್ಳಿ, ನನಗೆ ದಿನಕ್ಕೆ ಮುನ್ನೂರು ಸಲ ನಂಬರು ಓದಿ ಓದಿ ನಾಲಿಗೆ ಸವೆಯಿತು ಎಂದು ಎಲ್ಲರನ್ನೂ ನಗಿಸಿದ. ಗುರುತಪ್ಪನೂ ನಕ್ಕ. ನಕ್ಕ ತುಟಿ ಎಲ್ಲಿಡಬೇಕೋ ತಿಳಿಯದೆ ಹಾಗೇ ಉಳಿಯಿತು.

ಆಕೆ ಪ್ರೆಸ್ಸಿನ ಒಬ್ಬೊಬ್ಬರ ಸುದ್ದಿ ಕೇಳಿದಳು. ಆಮೇಲೆ ಅವನ ಪುಸ್ತಕದ ಮಾತು ಎತ್ತಿದಳು. ತಾನು ಓದಲಿಲ್ಲ, ಓದುವುದನ್ನೇ ಬಿಟ್ಟೆ, ಮೊಮ್ಮಗಳು ಪಾಠ ಓದಿಸು ಎಂದರೂ ಅವಳಮ್ಮನ ಕಡೆ ತೋರಿಸುತ್ತೇನೆ. ಆದರೆ ಸೊಸೆ ದಿನಕ್ಕೊಂದು ಅಧ್ಯಾಯದ ಹಾಗೆ ಓದಿ ಹೇಳಿದಳು ಎಂದಳು.

"ಕೇಳೋ ಹುಡುಗಿ ಬರ್ತಾಳಲ್ಲ, ಅವಳು ನೀವೇ ಅಂತ ನನಗೆ ಮೊದಲನೇ ದಿನಾನೇ ಗೊತ್ತಾಯ್ತು. ಸೊಸೆಗೆ ಹೇಳಿದೆ, ಇವರು ಹಾಗೇ ಕಣಮ್ಮ ಕೂರೋದು, ಎದುರಿಗಿರೋರ ಮಾತು ಒಂದು ಹನಿ ಕೆಳಗೆ ಬೀಳಗೊಡಲ್ಲ ಅಂತ."

ಗುರುತಪ್ಪ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. ದಾರಿಯುದ್ದಕ್ಕೂ ಒಂದು ಮಾತನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿಕೊಂಡು ಬಂದಿದ್ದ: ಅವತ್ತು ನೀವು ಓದಿದ್ರಿ, ನಾನು ಸುಳ್ಳು ಹೇಳಿದೆ. ಅಷ್ಟೇ, ಆರು ಶಬ್ದ. ಸಾವಿರ ಪದ್ಯ ಒಪ್ಪಿಸಿದ ನಾಲಿಗೆಗೆ ಆರು ಶಬ್ದ ಭಾರವಾಯಿತು. ಅದರ ಬದಲು ಚೀಲದಿಂದ ಮೂರು ಹಾಳೆ ಹೊರಬಂದವು. ಎರಡನೇ ಭಾಗಕ್ಕೆ ಎದುರಾಳಿಗಳನ್ನು ಯೋಚಿಸುತ್ತಿದ್ದೇನೆ, ಒಬ್ಬನನ್ನು ಬರೆದಿದ್ದೇನೆ, ನೀವು ಓದಿದರೆ ನನಗೆ ಸರಿತಪ್ಪು ಗೊತ್ತಾಗುತ್ತದೆ ಎಂದ.

"ನಾನು ಓದೋದು ಬಿಟ್ಟಿದೀನಿ ಗುರುತಪ್ಪೋರೇ. ಇಲ್ಲಿ ನಂಬರು ಓದೋದಕ್ಕೇ ಇವನ ಸಹಾಯ ಬೇಕು, ನೋಡಿದ್ರಲ್ಲ."

"ಒಂದ್ಸಲ. ಮೊದಲಿನ ಹಾಗೆ."

ಆಕೆ ಅವನ ಮುಖ ನೋಡಿದಳು, ಹಾಳೆ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡಳು. ಅಳತೆಯ ಟೇಪನ್ನು ಎರಡಾಗಿ ಮಡಿಸಿ ಮೊದಲನೆಯ ಸಾಲಿನ ಕೆಳಗೆ ಪಟ್ಟಿಯಂತೆ ಇಟ್ಟಳು. ಗಂಟಲು ಸರಿ ಮಾಡಿಕೊಂಡು ಓದತೊಡಗಿದಳು. ಏರಿಲ್ಲದ, ಇಳಿವಿಲ್ಲದ ಅದೇ ದನಿ. ಎರಡು ವರ್ಷದಲ್ಲಿ ಒಂದು ಎಳೆಯೂ ಸವೆದಿರಲಿಲ್ಲ.

"ಅರಮನೆಯಲ್ಲಿ ಒಬ್ಬ ಕಲ್ಲು ಕೆತ್ತುವವನಿದ್ದ ಪೂರ್ಣವಿರಾಮ. ಅವನಷ್ಟು ಚೆನ್ನಾಗಿ ಕೇಳುವವರು ದೇಶದಲ್ಲೇ ಇಲ್ಲವೆಂದು ಜನ ನಂಬಿದ್ದರು ಅಲ್ಪವಿರಾಮ ಅವನೂ ನಂಬಿದ್ದ ಪೂರ್ಣವಿರಾಮ. ಹೊಸ ಪ್ಯಾರಾ."

ಚೆನ್ನಾಗಿದೆ ಎನ್ನುವಂತೆ ಹುಬ್ಬೇರಿಸಿ ಮುಂದುವರಿದಳು. ಯುದ್ಧದಲ್ಲಿ ಸತ್ತವರ ಹೆಸರನ್ನು ಕಲ್ಲಿನಲ್ಲಿ ಕೆತ್ತಬೇಕೆಂದು ಅಪ್ಪಣೆಯಾಯಿತು. ಹೆಸರುಗಳನ್ನು ಒಬ್ಬ ಹೆಂಗಸು ಓದುತ್ತಿದ್ದಳು, ಅವನು ಕೆತ್ತುತ್ತಿದ್ದ. ಅವಳು ಓದಿದಂತೆಲ್ಲ ಅವನು ತಲೆಯಾಡಿಸಿದ. ಆದರೆ ಅವನ ಮನಸ್ಸಿನಲ್ಲಿ ತಾನು ಮುಂದೆ ಕೆತ್ತಲಿರುವ ದೊಡ್ಡ ಬಿಂಬವೊಂದು ಕೂತಿತ್ತು. ಅದರ ಹಲ್ಲು ಹೇಗಿರಬೇಕೆಂದು ಯೋಚಿಸುತ್ತಿದ್ದ. ಒಂದು ಹೆಸರು ಕಲ್ಲಿಗೆ ಬೀಳಲಿಲ್ಲ.

ಓದಮ್ಮನ ದನಿ ನಿಧಾನವಾಯಿತು. ಟೇಪು ಒಂದು ಸಾಲು ಇಳಿಯಿತು, ನಿಂತಿತು, ಇನ್ನೊಂದು ಸಾಲು ಇಳಿಯಿತು. ಇಸ್ತ್ರಿಯವನು ನೀರು ಚಿಮುಕಿಸುವುದನ್ನು ನಿಲ್ಲಿಸಿ ಇತ್ತ ಕಿವಿ ಕೊಟ್ಟಿದ್ದ.

"ಸತ್ತವನ ತಾಯಿ ಬಂದು ಕೇಳಿದಳು ಪೂರ್ಣವಿರಾಮ. ರಾಜ ಇಬ್ಬರನ್ನೂ ಕರೆಸಿದ ಪೂರ್ಣವಿರಾಮ. ಹೊಸ ಪ್ಯಾರಾ. ಕೆತ್ತುವವನು ಹೇಳಿದ ಅಲ್ಪವಿರಾಮ ಉದ್ಧರಣ ಚಿಹ್ನೆ ಓದಿದ್ದರೆ..."

ಅಲ್ಲಿಗೆ ನಿಂತಿತು. ಆಕೆ ಕತ್ತೆತ್ತಲಿಲ್ಲ. ಉಳಿದ ಅರ್ಧ ಸಾಲನ್ನೂ ಓದಿದಳು. ಉದ್ಧರಣ ಚಿಹ್ನೆ ಮುಚ್ಚುವುದನ್ನೂ ಬಿಡಲಿಲ್ಲ. ಆಮೇಲೆ ಟೇಪಿನ ಮೇಲೆ ಬೆರಳು ಒತ್ತಿಟ್ಟಳು.

"ನಾನು ಓದಿದ್ನಾ?"

"ಓದಿದ್ರಿ" ಎಂದ ಗುರುತಪ್ಪ. ಆಮೇಲೆ ಆ ಹುಡುಗಿಯ ಹೆಸರು ಹೇಳಿದ. ಅಲ್ಪವಿರಾಮ, ತಾಯಿಯ ಹೆಸರು, ಅಲ್ಪವಿರಾಮ, ಹತ್ತೊಂಬತ್ತು, ಪೂರ್ಣವಿರಾಮ. ಆಕೆ ಅಂದು ಓದಿದ ಹಾಗೇ, ಹೆಸರಿನ ಎರಡನೆಯ ಅಕ್ಷರದ ಬಳಿ ಉಸಿರು ತೆಗೆದುಕೊಂಡದ್ದನ್ನೂ ಸೇರಿಸಿ, ಅವನ ಬಾಯಿ ಒಪ್ಪಿಸಿತು. "ಅವತ್ತೇ ಗೊತ್ತಿತ್ತು. ಯಜಮಾನರ ಮುಂದೆ ನಿಂತಾಗಲೇ ಗೊತ್ತಿತ್ತು."

ಬೈಯಲಿ ಎಂದು ಅವನು ಕಾದ. ಬೈದರೆ ತಲೆ ಬಗ್ಗಿಸಿ ನಿಲ್ಲುವುದು ಸುಲಭವಾಗುತ್ತಿತ್ತು. ಆಕೆ ಸೂಜಿಯನ್ನು ಸೂಜಿಮೆತ್ತೆಗೆ ಚುಚ್ಚಿಟ್ಟಳು. ಯಾರಿಗೋ ಲೆಕ್ಕ ಒಪ್ಪಿಸುವವಳಂತೆ, ದನಿ ಏರಿಸದೆ, ತಾನು ಆಮೇಲೆ ಏನೇನು ಮಾಡಿದೆ ಎಂಬುದನ್ನು ಹೇಳಿದಳು. ಪ್ರೆಸ್ಸು ಬಿಟ್ಟ ವಾರ ಆ ತಾಯಿಯ ಮನೆ ಹುಡುಕಿಕೊಂಡು ಹೋಗಿದ್ದಳು. ಬಾಗಿಲಲ್ಲೇ ನಿಂತು, ನಿಮ್ಮ ಮಗಳ ಸಾಲನ್ನು ನುಂಗಿದ ಬಾಯಿ ಇದು ಎಂದಿದ್ದಳು. ಮೊದಲ ಸಲ ಆ ತಾಯಿ ಬಾಗಿಲು ಹಾಕಿಕೊಂಡಳು. ಎರಡನೆಯ ಸಲವೂ ಹಾಕಿಕೊಂಡಳು. ಮೂರನೆಯ ಸಲ ಒಳಗೆ ಕರೆದು ಹುಡುಗಿಯ ಬಟ್ಟೆ, ಪುಸ್ತಕ, ಅರ್ಧ ಹೆಣೆದ ಕಾಲುಚೀಲ ಎಲ್ಲ ತೋರಿಸಿದಳು. ಈಗ ದೋಣಿ ಮುಳುಗಿದ ತಾರೀಕಿನಂದು ಪ್ರತಿ ವರ್ಷ ಇಬ್ಬರೂ ಜತೆಯಲ್ಲಿ ಕೂರುತ್ತಾರೆ.

"ಹೋದ ಸಲ ನನ್ನ ಕೈ ಹಿಡ್ಕೊಂಡು, ನಿಮ್ಮ ಮೇಲೆ ನನಗೇನೂ ಇಲ್ಲಮ್ಮ, ಬಿಟ್ಟುಬಿಟ್ಟೆ ಅಂದ್ರು. ಎಷ್ಟು ಅತ್ತರು ಗೊತ್ತಾ ಅದನ್ನ ಹೇಳೋಕೆ." ಓದಮ್ಮ ಈಗ ಅವನ ಕಡೆ ನೋಡಿದಳು. "ಅದು ನಿಮಗೆ ಬರಬೇಕಾಗಿದ್ದು. ನಾನು ಇಸ್ಕೊಂಡು ಬಂದಿದೀನಿ."

ಗುರುತಪ್ಪನ ಕಿವಿಯ ತುದಿಯವರೆಗೂ ರಕ್ತ ಏರಿತು. ನಾನೇ ಅವರ ಮನೆಗೆ ಹೋಗಿ ಹೇಳುತ್ತೇನೆ, ಇವತ್ತೇ ಹೋಗುತ್ತೇನೆ, ಯಜಮಾನರಿಗೂ ಹೇಳುತ್ತೇನೆ ಎಂದು ತಡವರಿಸಿದ. ಅದು ನಿಮ್ಮ ಕೆಲಸ, ನನ್ನನ್ನು ಕೇಳಬೇಡಿ ಎಂದಳು. ಅವನು ಮತ್ತೂ ಏನೋ ಹೇಳಹೊರಟ. ಆಕೆ ಬೆರಳೆತ್ತಿ ತಡೆದಳು.

"ಅವತ್ತು ತಪ್ಪನ್ನ ನನ್ನ ಬಾಯಲ್ಲಿ ಇಟ್ರಿ. ಇವತ್ತು ತಪ್ಪೊಪ್ಪಿಗೇನೂ ನನ್ನ ಬಾಯಲ್ಲೇ ಇಟ್ರಿ. ನಿಮಗೆ ಅಂತ ಒಂದು ಬಾಯಿ ಕೊಟ್ಟಿದಾನಲ್ಲ ದೇವರು, ಅದು ಯಾತಕ್ಕೆ?"

ಅವನು ಹೊರಡಬೇಕಾಗಿತ್ತು, ಅದು ಗೊತ್ತಿತ್ತು. ಕಣ್ಣು ಮಾತ್ರ ಮೂರನೆಯ ಹಾಳೆಯ ಕೆಳಗಿನ ತುದಿಯನ್ನೇ ಹಿಡಿದಿತ್ತು. ಟೇಪು ಇನ್ನೂ ನಡುವೆಯೇ ಇತ್ತು; ಕ್ಷಮೆಯ ಆ ಸಾಲನ್ನು ಮುಟ್ಟಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಓದಮ್ಮ ಕೈಗೆ ಬಂದ ಪ್ರತಿಯನ್ನು ಕೊನೆಯ ಪೂರ್ಣವಿರಾಮದವರೆಗೆ ಓದದೆ ಕೆಳಗಿಟ್ಟವಳಲ್ಲ. ಅವನ ಬಾಯಿಂದ ಮಾತು ಹೊರಟೇಹೋಯಿತು, ತಡೆಯುವುದರೊಳಗೆ.

"ಕೊನೇ ಸಾಲು ಒಂದಿದೆ. ಅದನ್ನೊಂದು ಓದಿಬಿಡಿ, ಓದಮ್ಮಾ."

ಆಕೆ ಹಾಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣು ಕೆಳಗಿಳಿದು, ಕೊನೆಯ ಸಾಲಿನ ಆ ತುದಿಯಿಂದ ಈ ತುದಿಗೆ ಹೋಯಿತು. ತುಟಿ ಅಲುಗಲಿಲ್ಲ. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಒದ್ದೆ ಬಟ್ಟೆಯೊಂದು ಚುಂಯ್ ಎಂದಿತು. ಆಕೆ ಮೂರೂ ಹಾಳೆಗಳ ಅಂಚನ್ನು ಮೊಣಕಾಲ ಮೇಲೆ ತಟ್ಟಿ ಸಮ ಮಾಡಿ, ಬರಹ ಅವನಿಗೆ ನೇರವಾಗಿ ಕಾಣುವ ಹಾಗೆ ತಿರುಗಿಸಿ ಅವನ ಮುಂದೆ ಇಟ್ಟಳು.

"ಇಲ್ಲ" ಎಂದಳು ಓದಮ್ಮ. "ಅದನ್ನ ನಾನು ಓದಲ್ಲ."